ಯಾರೂ ಹತ್ತಿರ ಬರಲಾಗದ ಬಾಣಂತನದಲ್ಲಿ ಎದೆಹಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳು ಹುಟ್ಟಿದ್ದು 2020ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ. ನನ್ನ ತವರು ಸೊಲ್ಲಾಪುರ. ಆಗ ಕೊರೊನಾ ಕಾರಣಕ್ಕೆ ಮಹಾರಾಷ್ಟ್ರದಿಂದ ಬರುವವರನ್ನು ಕರ್ನಾಟಕದೊಳಗೆ ಬಿಡುತ್ತಿರಲಿಲ್ಲ. ಅವ್ವ ಅಂಟಿನ ಉಂಡಿ ಕಟ್ಟಿ, ಹಳೆ ಕಾಟನ್ ಸೀರೆಗಳನ್ನು ಒಗೆದು ಮಡಚಿ, ಬ್ಯಾಗು ತುಂಬಿಟ್ಟುಕೊಂಡು ಕೂತಿದ್ದಳು. ಆ ಬ್ಯಾಗು ತಿಂಗಳುಗಟ್ಟಲೆ ಅವಳ ಮನೆಯ ಬಾಗಿಲ ಹತ್ತಿರವೇ ಉಳಿಯಿತು.

ನನಗೆ ಹಾಲು ಕುಡಿಸಲು ಕಲಿಸಿದ್ದು ಎದುರು ಮನೆಯ ನಿವೃತ್ತ ನರ್ಸ್ ಒಬ್ಬರು, ಅದೂ ಫೋನಿನಲ್ಲಿ. ಅವರಿಂದ ಕಲಿತದ್ದನ್ನು ನಾನು ಬೇರೆ ಬಾಣಂತಿಯರಿಗೆ ಹೇಳತೊಡಗಿದೆ. ಆಮೇಲೆ ತರಬೇತಿಯನ್ನೂ ಪಡೆದೆ. ಆ ಎರಡು ವರ್ಷ ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಅಮ್ಮ ಹತ್ತಿರ ಇಲ್ಲದ ಬಾಣಂತಿಯರು ಈಗಲೂ ಇದನ್ನೇ ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಡಾಕ್ಟರಿಗೆ ತೋರಿಸಲೇಬೇಕಾದ ಕಡೆ ಹಾಗೇ ಬರೆದಿದ್ದೇನೆ.

## ಮೊದಲ ದಿನಗಳು

ಹಾಲು ಕುಡಿಸೋದು ತಾನಾಗೇ ಬರುತ್ತಲ್ವಾ? ಅದಕ್ಕೂ ಯಾರಾದ್ರೂ ಹೇಳಿಕೊಡಬೇಕಾ?

ಹಾಲು ತಾನಾಗಿ ಬರುತ್ತದೆ. ಕುಡಿಸುವುದನ್ನು ಕಲಿಯಬೇಕು. ಹಿಂದೆ ಈ ಕಲಿಕೆ ಮನೆಯೊಳಗೇ ನಡೆಯುತ್ತಿತ್ತು, ಹಾಗಾಗಿ ಅದು ಕಲಿಕೆ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಅಕ್ಕ ಕುಡಿಸುವುದನ್ನು ತಂಗಿ ನೋಡುತ್ತಿದ್ದಳು. ಬಾಣಂತಿ ಕೋಣೆಗೆ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಬಂದು ಕೂರುತ್ತಿದ್ದರು. ಮಗುವಿನ ತಲೆ ಜಾರಿದರೆ ಯಾರದ್ದೋ ಒಂದು ಕೈ ಬಂದು ಸರಿ ಮಾಡುತ್ತಿತ್ತು. ಕೊರೊನಾ ಬಂದಾಗ ಇಲ್ಲವಾದದ್ದು ಆ ಕೈ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 100ರಲ್ಲಿ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಮಾತ್ರ 100ರಲ್ಲಿ ಸುಮಾರು 42 ಮಕ್ಕಳಿಗೆ. ಹಾಗಾಗಿ ನಿಮಗೆ ಬರುತ್ತಿಲ್ಲ ಅಂದರೆ ಅದು ನಿಮ್ಮ ತಪ್ಪಲ್ಲ. ತೋರಿಸಿಕೊಡುವವರು ಇರಲಿಲ್ಲ, ಅಷ್ಟೇ.

ಅಮ್ಮ ಬರೋಕಾಗಲ್ಲ ಅಂತ ಗೊತ್ತಾಗಿದೆ. ಹೆರಿಗೆಗೆ ಮುಂಚೆ ಏನೇನು ರೆಡಿ ಮಾಡ್ಕೊಳ್ಳಲಿ?

ಎಲ್ಲಕ್ಕಿಂತ ಮೊದಲು ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಎತ್ತುವವರು, ತಾವೇ ಮಗುವಿಗೆ ಎದೆಹಾಲು ಕುಡಿಸಿದವರು. ಅವರ ಹತ್ತಿರ ಈಗಲೇ ಮಾತಾಡಿ ಒಪ್ಪಿಸಿ. ಹೆರಿಗೆಯಾದ ಮೇಲೆ ಹುಡುಕುತ್ತಾ ಕೂರುವಷ್ಟು ತ್ರಾಣ ಇರುವುದಿಲ್ಲ.

ಆಸ್ಪತ್ರೆಯಲ್ಲಿ ಕೇಳಿ: ಮಗು ನನ್ನ ಕೋಣೆಯಲ್ಲೇ ಇರುತ್ತದಾ? ಸಿಸೇರಿಯನ್ ಆದರೂ ಒಂದು ಗಂಟೆಯೊಳಗೆ ಎದೆಗೆ ಹಾಕುತ್ತೀರಾ? ನನಗೆ ಕೊರೊನಾ ಪಾಸಿಟಿವ್ ಬಂದರೆ ಏನು ಮಾಡುತ್ತೀರಿ? ಉತ್ತರವನ್ನು ನಿಮ್ಮ ಜೊತೆ ಬರುವವರೂ ಕೇಳಿಸಿಕೊಳ್ಳಲಿ. ಆಮೇಲೆ ವಾದ ಮಾಡಬೇಕಾಗಿ ಬಂದರೆ ಅವರೇ ಮಾಡಬೇಕು.

ಬ್ಯಾಗಿನಲ್ಲಿ ಒಂದು ಒಳಲೆ (ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು), ಚಿಕ್ಕ ಸ್ಟೀಲ್ ಬಟ್ಟಲು, ಮೆತ್ತಗಿನ ಹಳೆ ಬಟ್ಟೆ ಇರಲಿ. ಬಾಟಲಿ, ಹಾಲಿನ ಪುಡಿ ಡಬ್ಬಿ ಮುಂಚೆಯೇ ತಂದಿಡಬೇಡಿ. ಮನೆಯಲ್ಲಿದ್ದರೆ ಮೂರನೇ ರಾತ್ರಿ ಮಗು ಅತ್ತಾಗ ಕೈ ಅದರ ಕಡೆಗೇ ಹೋಗುತ್ತದೆ.

ಮೂರು ದಿನ ಆಯ್ತು ಅಕ್ಕಾ, ಹಾಲೇ ಬಂದಿಲ್ಲ. ಎರಡು ಹನಿ ಹಳದಿ ನೀರು ಬರುತ್ತೆ ಅಷ್ಟೇ.

ಆ ಎರಡು ಹನಿಯೇ ಹಾಲು. ಹಸು ಕರು ಹಾಕಿದ ಮೊದಲ ದಿನಗಳ ಹಾಲಲ್ಲಿ ಗಿಣ್ಣು ಮಾಡ್ತೀವಲ್ಲ, ಹಾಗೇ ತಾಯಿಯ ಮೊದಲ ಹಾಲೂ ಗಟ್ಟಿ, ಹಳದಿ, ಸ್ವಲ್ಪ. ರೋಗ ತಡೆಯುವ ಶಕ್ತಿ ಅದರಲ್ಲಿ ತುಂಬಿರುತ್ತದೆ. ಹುಟ್ಟಿದ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಒಂದು ಟೀ ಚಮಚದಷ್ಟು. ಹಾಲು ತುಂಬಿಕೊಳ್ಳುವುದು ಎರಡರಿಂದ ನಾಲ್ಕನೇ ದಿನದೊಳಗೆ. ಸಿಸೇರಿಯನ್ ಆದವರಿಗೆ ಒಂದು ದಿನ ತಡ ಆಗಬಹುದು.

ಅಲ್ಲಿಯವರೆಗೆ 24 ಗಂಟೆಯಲ್ಲಿ 8ರಿಂದ 12 ಸಲ ಎದೆಗೆ ಹಾಕಿ. ಮಧ್ಯದಲ್ಲಿ ಮಗುವಿನ ಬಟ್ಟೆ ತೆಗೆದು, ನಿಮ್ಮ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಹೊದಿಸಿ. ಮಗು ಎಳೆದಷ್ಟೂ ಹಾಲು ಬರುತ್ತದೆ. ಸಕ್ಕರೆ ನೀರು ಬೇಡ, ಬಜೆ ತೇಯ್ದು ನೆಕ್ಕಿಸುವುದು ಬೇಡ. ಜೇನುತುಪ್ಪ ಒಂದು ವರ್ಷ ಆಗುವವರೆಗೆ ಮುಟ್ಟಿಸಲೇಬೇಡಿ. ಅದರಿಂದ ಎಳೆ ಮಕ್ಕಳಿಗೆ ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು.

ಹಾಲು ಸಾಕಾಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ? ತೂಕ ಮಾಡಿಸೋಕೆ ಎಲ್ಲೂ ಹೋಗೋ ಹಾಗಿಲ್ಲ.

ಬಟ್ಟೆ ಎಣಿಸಿ. ಮೊದಲ ದಿನ ಒಂದು ಸಲ ಉಚ್ಚೆ, ಎರಡನೇ ದಿನ ಎರಡು, ಮೂರನೇ ದಿನ ಮೂರು. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗಬೇಕು, ಬಣ್ಣ ತಿಳಿಯಾಗಿರಬೇಕು. ಕಕ್ಕ ಮೊದಲು ಕಪ್ಪಗೆ ಅಂಟಂಟು, ಆಮೇಲೆ ಹಸಿರು, ಐದನೇ ದಿನದ ಹೊತ್ತಿಗೆ ಹಳದಿ. ಕುಡಿಯುವಾಗ ನುಂಗುವ ಸದ್ದು ಕಿವಿಗೆ ಬೀಳಬೇಕು. ಇಷ್ಟಿದ್ದರೆ ಸಾಕಾಗುತ್ತಿದೆ.

ಹುಟ್ಟಿದ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ಹತ್ತರಿಂದ ಹದಿನಾಲ್ಕು ದಿನದಲ್ಲಿ ಮತ್ತೆ ಅಲ್ಲಿಗೆ ಬರಬೇಕು. ಇಳಿದದ್ದು 100ಕ್ಕೆ 10 ಪಾಲು ಮುಟ್ಟಿದರೆ, ಉಚ್ಚೆ ಕಡಿಮೆಯಾದರೆ, ಮಗು ಎಬ್ಬಿಸಿದರೂ ಏಳದಿದ್ದರೆ, ಅಥವಾ ಮೈ ಹಳದಿ ಕಾಲಿನವರೆಗೆ ಇಳಿದರೆ ಯಾವ ಲಾಕ್‌ಡೌನ್ ಇದ್ದರೂ ಆಸ್ಪತ್ರೆಗೆ ಹೋಗಬೇಕು.

ಮಗು ಅಳುವುದು ಮಾತ್ರ ಲೆಕ್ಕಕ್ಕಿಲ್ಲ. ಹೊಟ್ಟೆ ತುಂಬಿದ ಮಕ್ಕಳೂ ಸಂಜೆ ಹೊತ್ತು ಅಳುತ್ತವೆ. ಎದೆ ಮೆತ್ತಗಾಗಿದೆ ಅನ್ನುವುದೂ ಹಾಲು ಬತ್ತಿದ ಗುರುತಲ್ಲ.

ತೊಟ್ಟು ಒಡೆದು ರಕ್ತ ಬರ್ತಿದೆ. ಇದನ್ನ ತಡ್ಕೊಳ್ಳಲೇಬೇಕಾ?

ಬೇಡ. ನೋವು ತಾಯಿ ತಡೆದುಕೊಳ್ಳಬೇಕಾದ ಶಿಕ್ಷೆ ಅಲ್ಲ. ಮಗು ಬಾಯಿ ಹಾಕಿದ್ದು ಸರಿ ಇಲ್ಲ ಅಂತ ದೇಹ ಹೇಳುತ್ತಿರುವುದು.

ನನ್ನದು ಆರನೇ ದಿನ. ಎರಡೂ ಕಡೆ ಬಿರುಕು ಬಿಟ್ಟಿತ್ತು. ಮಗು ಅತ್ತರೆ ನನಗೆ ಮೈ ನಡುಗುತ್ತಿತ್ತು. ಎದುರು ಮನೆಯ ಆ ನರ್ಸ್ ವಿಡಿಯೊ ಕಾಲ್ ಮಾಡಿಸಿದರು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಕೂತೆ. ನಾನು ಏನೋ ವಿವರಿಸಲು ಹೊರಟೆ. ಅವರು ತಡೆದು ಹೇಳಿದರು: "ನಿನ್ನ ಮುಖ ಬೇಡಮ್ಮ, ಮಗೂದು ಗದ್ದ ತೋರಿಸು."

ಗದ್ದ ಎದೆಯಿಂದ ಒಂದು ಬೆರಳು ದೂರ ಇತ್ತು. ಮಗು ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿತ್ತು. ಅವರು ಹೇಳಿದ ಹಾಗೆ ಮಾಡಿದೆ. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ತೂರಿಸಿ ಹಿಡಿತ ಬಿಡಿಸಿದೆ. ಮಗುವನ್ನು ಪೂರ್ತಿ ನನ್ನ ಕಡೆ ತಿರುಗಿಸಿ, ಹೊಟ್ಟೆಗೆ ಹೊಟ್ಟೆ ತಾಗಿಸಿದೆ. ಮೂಗು ತೊಟ್ಟಿನ ಎದುರಿಗೆ ಬರುವಂತೆ ಹಿಡಿದೆ. ತೊಟ್ಟಿನಿಂದ ಮೇಲ್ತುಟಿ ಸವರಿ ಕಾದೆ. ಆಕಳಿಸುವಷ್ಟು ಅಗಲ ಬಾಯಿ ತೆರೆದಾಗ, ನಾನು ಬಗ್ಗದೆ, ಮಗುವನ್ನೇ ಎದೆಗೆ ತಂದೆ. ಗದ್ದ ಮೊದಲು ತಾಗಿತು. ಕೆಳತುಟಿ ಹೊರಕ್ಕೆ ಮಡಚಿತು. ತೊಟ್ಟಿನ ಕೆಳಗಿನ ಕಪ್ಪು ಭಾಗ ಜಾಸ್ತಿ ಒಳಗೆ ಹೋಯಿತು. ನೋವು ಕಡಿಮೆಯಾಯಿತು, ಮಗು ನುಂಗುವ ಸದ್ದು ಮೊದಲ ಸಲ ಕೇಳಿಸಿತು.

ಒಂದು ಸಲಕ್ಕೆ ಬರುವುದಿಲ್ಲ. ನಾನು ಅವತ್ತು ಏಳೆಂಟು ಸಲ ಬಿಡಿಸಿ ಹಾಕಿದೆ. ಬಿರುಕಿಗೆ ಕುಡಿಸಿದ ಮೇಲೆ ಸ್ವಲ್ಪ ಹಾಲನ್ನೇ ಹಚ್ಚಿ ಗಾಳಿಗೆ ಒಣಗಲು ಬಿಡಿ. ಸೋಪು ಬೇಡ. ಹಿಡಿತ ಸರಿ ಮಾಡಿದ ಮೇಲೂ ನೋವು ಇಳಿಯದಿದ್ದರೆ ಮಗುವಿನ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದೆಯಾ ಅಂತ ಡಾಕ್ಟರಿಗೆ ತೋರಿಸಿ.

## ಸೋಂಕು ತಗುಲಿದಾಗ

ನನಗೆ ಪಾಸಿಟಿವ್ ಬಂದಿದೆ. ಮಗುವಿಗೆ ಕುಡಿಸಬಹುದಾ?

ಕುಡಿಸಬಹುದು, ಕುಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿತು: ಸೋಂಕು ಇದ್ದರೂ, ಇರುವ ಅನುಮಾನ ಇದ್ದರೂ ತಾಯಿ ಎದೆಹಾಲು ಕುಡಿಸುವುದನ್ನು ನಿಲ್ಲಿಸಬಾರದು, ಮಗು ತಾಯಿಯ ಜೊತೆಯಲ್ಲೇ ಇರಬೇಕು. ಕೊರೊನಾ ಹರಡುವುದು ಉಸಿರಿನ ಮೂಲಕ, ಹಾಲಿನ ಮೂಲಕ ಅಲ್ಲ. ಸೋಂಕು ಬಂದು ಹೋದ ತಾಯಂದಿರ ಹಾಲಿನಲ್ಲಿ ಆ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಇರುವುದನ್ನೂ ಆಮೇಲೆ ಕಂಡರು.

ಕುಡಿಸುವಾಗ ಮಾಸ್ಕ್ ಹಾಕಿ. ಮಗುವನ್ನು ಮುಟ್ಟುವ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಕೆಮ್ಮು ಬಂದರೆ ಮುಖ ತಿರುಗಿಸಿ. ಕಿಟಕಿ ತೆರೆದಿಡಿ. ಬಾಣಂತಿಗೆ ಗಾಳಿ ಆಗಬಾರದು ಅಂತ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವ ಮನೆಗಳಲ್ಲಿ ಇದನ್ನು ಒಪ್ಪಿಸುವುದು ಕಷ್ಟ. ಆದರೂ ಹಟ ಹಿಡಿಯಿರಿ. ಮಗುವಿಗೆ ಮಾತ್ರ ಮಾಸ್ಕ್ ಹಾಕಬೇಡಿ, ಉಸಿರು ಕಟ್ಟುತ್ತದೆ.

ಕೂರಲೂ ಆಗದಷ್ಟು ಸುಸ್ತಿದ್ದರೆ ಹಾಲು ಹಿಂಡಿ ಕೊಡಿ, ಬೇರೆಯವರು ಒಳಲೆಯಲ್ಲಿ ಕುಡಿಸಲಿ.

ಎದೆಗೆ ಸ್ಯಾನಿಟೈಸರ್ ಹಚ್ಚಿ ಒರೆಸಬೇಕಾ?

ಬೇಡವೇ ಬೇಡ. ಅದು ಮಗುವಿನ ಬಾಯಿಗೆ ಹೋಗುತ್ತದೆ, ತೊಟ್ಟು ಒಡೆಯುತ್ತದೆ. ಬಟ್ಟೆ ಮುಚ್ಚದ ಎದೆಯ ಮೇಲೆ ಕೆಮ್ಮಿದ್ದರೆ ನೀರು, ಸೋಪಿನಿಂದ ಒಮ್ಮೆ ತೊಳೆದರೆ ಸಾಕು. ಪ್ರತಿ ಸಲ ತೊಳೆಯಬೇಕಿಲ್ಲ.

ಆಸ್ಪತ್ರೆಯಲ್ಲಿ ಮಗೂನ ಬೇರೆ ಇಟ್ಟಿದ್ದಾರೆ. ಕೊಡಿ ಅಂತ ಕೇಳೋಕೆ ಭಯ. ಏನು ಮಾಡಲಿ?

ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳಬೇಕು. ನನಗೂ ಹೀಗೇ ಆಯಿತು. ನನ್ನ ಹೆರಿಗೆಯಾದ ಆಸ್ಪತ್ರೆಯಲ್ಲಿ ಟೆಸ್ಟ್ ರಿಪೋರ್ಟ್ ಬರುವವರೆಗೆ ಮಗುವನ್ನು ಬೇರೆ ಕೋಣೆಯಲ್ಲಿಟ್ಟರು. ಎರಡು ದಿನ. ರಿಪೋರ್ಟ್ ನೆಗೆಟಿವ್ ಬಂತು. ಅಷ್ಟರಲ್ಲಿ ಮಗು ಬಾಟಲಿಯಲ್ಲಿ ಪೌಡರ್ ಹಾಲು ಕುಡಿದು ರೂಢಿಯಾಗಿತ್ತು. ಹಾಲು ಹಿಂಡು ಅಂತ ನನಗೆ ಒಬ್ಬರೂ ಹೇಳಲಿಲ್ಲ. ಆ ಎರಡು ದಿನದ ಬೆಲೆಯನ್ನು ನಾನು, ಮಗು ಇಬ್ಬರೂ ಎರಡು ತಿಂಗಳು ತೆತ್ತೆವು.

ಹಾಗಾಗಿ ಹೇಳುತ್ತೇನೆ, ಕೇಳಿ. ನಿಮಗೆ ಆಗದಿದ್ದರೆ ಗಂಡನಿಂದ ಕೇಳಿಸಿ. "ಮಗುವನ್ನು ಬೇರೆ ಇಡಲು ಕಾರಣ ಮಗುವಿನ ಆರೋಗ್ಯವಾ, ಬರೀ ನನ್ನ ರಿಪೋರ್ಟಾ?" ಮಗುವಿಗೆ ಉಸಿರಾಟದ ತೊಂದರೆ ಇದ್ದರೆ ಅದು ಬೇರೆ ಮಾತು. ಬರೀ ರಿಪೋರ್ಟಿಗಾಗಿ ಆದರೆ, ಮಾಸ್ಕ್ ಹಾಕಿ ನನ್ನ ಕೋಣೆಯಲ್ಲೇ ಇಟ್ಟುಕೊಳ್ಳುತ್ತೇನೆ, ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದೂ ಅದನ್ನೇ ಅಂತ ಮೆತ್ತಗೆ, ಆದರೆ ದೃಢವಾಗಿ ಹೇಳಿ. ಅದಕ್ಕೂ ಒಪ್ಪದಿದ್ದರೆ "ನನ್ನ ಹಾಲು ಹಿಂಡಿ ಕೊಡುತ್ತೇನೆ, ಅದನ್ನೇ ಕುಡಿಸಿ, ಬಾಟಲಿ ಬೇಡ, ಒಳಲೆಯಲ್ಲಿ" ಅನ್ನಿ.

ಹಿಂಡಲು ಪಂಪು ಬೇಕಿಲ್ಲ. ಕೈ ತೊಳೆದು, ಎದೆಯನ್ನು ಬೆಚ್ಚಗಿನ ಬಟ್ಟೆಯಿಂದ ಒತ್ತಿಕೊಳ್ಳಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಒಂದಿಂಚು ಹಿಂದೆ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ, ಬಿಡಿ. ಒತ್ತಿ, ಕೂಡಿಸಿ, ಬಿಡಿ. ತೊಟ್ಟನ್ನು ಎಳೆಯಬೇಡಿ, ಬೆರಳು ಜಾರಿಸಬೇಡಿ. ಮೊದಲ ಎರಡು ನಿಮಿಷ ಏನೂ ಬರುವುದಿಲ್ಲ. ಆಮೇಲೆ ಸ್ಟೀಲ್ ಚಮಚದ ಮೇಲೆ ಹಳದಿ ಹನಿ ಒಂದೊಂದೇ ಕೂರುತ್ತದೆ. ಅರ್ಧ ಚಮಚ ಬಂದರೂ ಕಳಿಸಿಕೊಡಿ. ದಿನಕ್ಕೆ ಎಂಟು ಸಲ, ಅದರಲ್ಲಿ ಒಂದು ಸಲ ರಾತ್ರಿ. ಹೆರಿಗೆಯಾದ ಕೆಲವೇ ಗಂಟೆಯಲ್ಲಿ ಶುರು ಮಾಡಿದರೆ ಮುಂದೆ ಹಾಲಿಗೆ ಪರದಾಡಬೇಕಾಗುವುದಿಲ್ಲ.

ಜ್ವರದ ಮಾತ್ರೆ, ಕೊರೊನಾ ಕಿಟ್‌ನಲ್ಲಿರೋ ಮಾತ್ರೆ ತಗೊಂಡ್ರೆ ಹಾಲಿಗೆ ಹೋಗುತ್ತಾ?

ಹೆಚ್ಚಿನ ಮಾತ್ರೆಗಳು ಹಾಲಿಗೆ ಹೋಗುವುದು ಬಹಳ ಕಡಿಮೆ. ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಂಡು ಕುಡಿಸಬಹುದು. ಕಿಟ್‌ನಲ್ಲಿ ಬಂದ ಬೇರೆ ಮಾತ್ರೆಗಳನ್ನು "ನಾನು ಹಾಲು ಕುಡಿಸುತ್ತಿದ್ದೇನೆ" ಅಂತ ಡಾಕ್ಟರಿಗೆ ಹೇಳದೆ ನುಂಗಬೇಡಿ. ಎರಡರ ಬಗ್ಗೆ ಎಚ್ಚರ ಇರಲಿ: ಕೊಡೀನ್ ಇರುವ ಕೆಮ್ಮಿನ ಸಿರಪ್ ಮಗುವಿಗೆ ಅಪಾಯ, ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್ ಹಾಲನ್ನು ಕಡಿಮೆ ಮಾಡುತ್ತದೆ.

ಬಾಣಂತಿಯರು ಲಸಿಕೆ ಹಾಕಿಸ್ಕೊಂಡ್ರೆ ಕೆಲವು ದಿನ ಹಾಲು ಕೊಡಬಾರದು ಅಂತಾರಲ್ಲ?

ಇಲ್ಲ. ಈ ಭಯಕ್ಕೆ ಒಂದು ಕಾರಣ ಇದೆ. 2021ರ ಜನವರಿಯಲ್ಲಿ ಲಸಿಕೆ ಶುರುವಾದಾಗ ಹಾಲು ಕುಡಿಸುವ ತಾಯಂದಿರನ್ನು ಹೊರಗಿಟ್ಟಿದ್ದರು. 2021ರ ಮೇ 19ರಂದು ಕೇಂದ್ರ ಆರೋಗ್ಯ ಸಚಿವಾಲಯ ಅವರೂ ಹಾಕಿಸಿಕೊಳ್ಳಬಹುದು ಅಂತ ಹೇಳಿತು. ಮೊದಲಿನ ಮಾತು ಹರಡಿದಷ್ಟು ಬೇಗ ಎರಡನೇ ಮಾತು ಹರಡಲಿಲ್ಲ. ಲಸಿಕೆ ಹಾಕಿಸಿಕೊಂಡ ಮೇಲೆ ಒಂದು ಹೊತ್ತೂ ಹಾಲು ನಿಲ್ಲಿಸಬೇಕಿಲ್ಲ.

## ದೂರದಿಂದ ಸಹಾಯ ಪಡೆಯುವುದು

ವಿಡಿಯೊ ಕಾಲ್‌ನಲ್ಲಿ ಇದನ್ನೆಲ್ಲ ಹೇಗೆ ತೋರಿಸೋದು? ನಾಚಿಕೆ ಆಗುತ್ತೆ.

ಆಗುತ್ತದೆ. ನನಗೂ ಆಗಿತ್ತು. ಆದರೆ ನೋಡುವವರಿಗೆ ಬೇಕಿರುವುದು ಮಗುವಿನ ಕೆನ್ನೆ, ಗದ್ದ, ತುಟಿ, ಕಿವಿ. ಸೆರಗಿನಿಂದ ಉಳಿದದ್ದನ್ನು ಮುಚ್ಚಿಕೊಂಡೇ ತೋರಿಸಬಹುದು. ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಮೊಣಕೈ ಎತ್ತರಕ್ಕೆ, ಪಕ್ಕದಿಂದ ಕಾಣುವಂತೆ ಏನಕ್ಕಾದರೂ ಒರಗಿಸಿ. ಬೆಳಕು ನಿಮ್ಮ ಎದುರಿನಿಂದ ಬರಲಿ. ಮಗು ಅಳಲು ಶುರು ಮಾಡುವ ಮುಂಚೆ, ಬಾಯಿ ಚಪ್ಪರಿಸುವಾಗಲೇ ಕಾಲ್ ಮಾಡಿ. ಹಸಿದು ಚೀರುವ ಮಗುವಿನ ಜೊತೆ ಯಾರಿಗೂ ಏನೂ ಕಲಿಸಲಾಗುವುದಿಲ್ಲ.

ಗುರುತಿಲ್ಲದವರಿಗೆ ವಿಡಿಯೊ ರೆಕಾರ್ಡ್ ಮಾಡಿ ಕಳಿಸಬೇಡಿ. ನೇರ ಕಾಲ್ ಸಾಕು. ಡಬ್ಬಿ ಹಾಲಿನ ಕಂಪನಿ ಕಡೆಯಿಂದ "ಉಚಿತ ಸಲಹೆ" ಅಂತ ಬರುವ ಕರೆಗಳನ್ನು ಕಟ್ ಮಾಡಿ. ಶಿಶು ಹಾಲಿನ ಪುಡಿಯನ್ನು ಜಾಹೀರಾತು ಮಾಡುವುದನ್ನು, ಉಚಿತ ಸ್ಯಾಂಪಲ್ ಹಂಚುವುದನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ.

ನಮ್ಮದು ಹಳ್ಳಿ, ನೆಟ್‌ವರ್ಕ್ ಸಿಗಲ್ಲ. ಯಾರನ್ನ ಕೇಳಲಿ?

ಆಶಾ ಕಾರ್ಯಕರ್ತೆಯನ್ನು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ, ಮಗು ಇಬ್ಬರನ್ನೂ ನೋಡಬೇಕು. ಮಗುವಿನ ತೂಕ ಮಾಡುವುದು, ಹಾಲು ಕುಡಿಸುವುದನ್ನು ನೋಡುವುದು ಆ ಭೇಟಿಯಲ್ಲೇ ಸೇರಿದೆ. ಕೊರೊನಾ ಸಮಯದಲ್ಲಿ ಮನೆ ಮನೆ ಸಮೀಕ್ಷೆಯ ಹೊರೆಯೂ ಅವರ ತಲೆಗೇ ಬಿತ್ತು. ಕೆಲವು ಊರುಗಳಲ್ಲಿ ಜನ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ನೀವು ಹಾಗೆ ಮಾಡಬೇಡಿ. ಜಗುಲಿಯಲ್ಲಿ ಕೂರಿಸಿ, ಮಾಸ್ಕ್ ಹಾಕಿಕೊಂಡು, ಒಂದು ಸಲ ಅವರ ಎದುರಿಗೆ ಮಗುವಿಗೆ ಕುಡಿಸಿ ತೋರಿಸಿ.

ಬರೀ ಮಾತಾಡಲು ಸಿಗ್ನಲ್ ಸಿಕ್ಕರೆ ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ಪೇಟೆಗೆ ಹೋದವರ ಫೋನಿನಲ್ಲಿ ಇಂಟರ್ನೆಟ್ ಇದ್ದರೆ ಇ-ಸಂಜೀವಿನಿ ಅನ್ನುವ ಸರ್ಕಾರದ ಆನ್‌ಲೈನ್ ಸೇವೆಯಲ್ಲಿ ಡಾಕ್ಟರ್ ಉಚಿತವಾಗಿ ಸಿಗುತ್ತಾರೆ. ಅಂಗನವಾಡಿ ಮುಚ್ಚಿದ್ದರೂ ಬಾಣಂತಿಯ ಪಾಲಿನ ದಿನಸಿ ಮನೆಗೆ ಬರಬೇಕು. ಬಂದಿಲ್ಲ ಅಂದರೆ ಕಾರ್ಯಕರ್ತೆಯನ್ನು ಕೇಳಿ.

ಅತ್ತೆ ನೀರು ಜಾಸ್ತಿ ಕುಡೀಬೇಡ ಅಂತಾರೆ, ಅಮ್ಮ ಫೋನಲ್ಲಿ ಸಬ್ಬಸಿಗೆ ಸೊಪ್ಪು ತಿನ್ನು ಅಂತಾರೆ. ಯಾರ ಮಾತು ಕೇಳಲಿ?

ನೀರಿನ ವಿಷಯದಲ್ಲಿ ಬಾಯಾರಿಕೆಯ ಮಾತು ಕೇಳಿ. ಮಗು ಕುಡಿಯಲು ಶುರು ಮಾಡಿದ ತಕ್ಷಣ ಗಂಟಲು ಒಣಗುತ್ತದೆ, ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು ಇರಲಿ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ, ನಮ್ಮ ಕಡೆಯ ಅಳವಿ ಪಾಯಸ, ಅಂಟಿನ ಉಂಡಿ, ಇವೆಲ್ಲ ಒಳ್ಳೆಯ ಊಟ. ತಿನ್ನಿ. ಆದರೆ ಮಗು ಸರಿಯಾಗಿ ಎಳೆಯದೆ ಬರೀ ಸೊಪ್ಪಿನಿಂದ ಹಾಲು ಹೆಚ್ಚುವುದಿಲ್ಲ. ಬೇಳೆ, ಮೊಟ್ಟೆ, ಹಣ್ಣು, ತರಕಾರಿ ಯಾವುದನ್ನೂ "ನಂಜು" ಅಂತ ಬಿಡಬೇಕಿಲ್ಲ. ಬರೀ ಅನ್ನ, ಮೆಣಸಿನ ಸಾರಿನಲ್ಲಿ ಒಂದು ತಿಂಗಳು ಕಳೆದ ತಾಯಿಗೆ ಎದ್ದು ಕೂರಲೂ ಶಕ್ತಿ ಇರುವುದಿಲ್ಲ.

ಅತ್ತೆಯ ಜೊತೆ ಜಗಳ ಬೇಡ. ಡಾಕ್ಟರ್ ಬಾಯಲ್ಲಿ ಒಂದು ಸಲ ಸ್ಪೀಕರ್ ಹಾಕಿ ಹೇಳಿಸಿ.

ನಾನು ಗಂಡಸು. ಮನೇಲಿ ನಾವಿಬ್ಬರೇ. ನಾನೇನು ಮಾಡಬಹುದು?

ಇದನ್ನು ಕೇಳಿದ್ದಕ್ಕೆ ಖುಷಿಯಾಯಿತು. ಅಡುಗೆ, ಪಾತ್ರೆ, ಬಟ್ಟೆ ನಿಮ್ಮದು. ಕುಡಿದ ಮೇಲೆ ಮಗುವನ್ನು ಭುಜಕ್ಕೆ ಹಾಕಿಕೊಂಡು ತೇಗಿಸುವುದು ನಿಮ್ಮದು. ಹೆಂಡತಿ ಕುಡಿಸಲು ಕೂತಾಗ ಬೆನ್ನಿಗೆ ದಿಂಬು ಕೊಡಿ, ನೀರು ಕೊಡಿ. ಎಷ್ಟು ಸಲ ಕುಡಿಯಿತು, ಎಷ್ಟು ಬಟ್ಟೆ ಒದ್ದೆಯಾಯಿತು ಅಂತ ಕ್ಯಾಲೆಂಡರ್ ಮೇಲೆ ಬರೆಯಿರಿ. "ಹಾಲು ಸಾಲ್ತಿಲ್ವೇನೋ" ಅಂತ ಮಾತ್ರ ಅವರ ಎದುರು ಅನ್ನಬೇಡಿ. ರಾತ್ರಿ ಮೂರು ಗಂಟೆಯಲ್ಲಿ ಆ ಒಂದು ಮಾತನ್ನು ತಡೆದುಕೊಳ್ಳುವುದು ಬಹಳ ಕಷ್ಟ.

## ಕಷ್ಟದ ಪ್ರಶ್ನೆಗಳು

ಡಬ್ಬಿ ಹಾಲು ಶುರು ಮಾಡಿ ತಿಂಗಳಾಯ್ತು. ಮತ್ತೆ ಎದೆಹಾಲಿಗೆ ಬರೋಕಾಗುತ್ತಾ?

ಬಹಳ ಸಲ ಆಗುತ್ತದೆ. ನನಗೆ ಎರಡು ತಿಂಗಳು ಬೇಕಾಯಿತು. ಪೌಡರ್ ಹಾಲನ್ನು ಒಂದೇ ದಿನ ನಿಲ್ಲಿಸಬೇಡಿ, ಮಗು ಸೊರಗುತ್ತದೆ. ಪ್ರತಿ ಸಲ ಮೊದಲು ಎದೆಗೆ ಹಾಕಿ, ಎರಡೂ ಕಡೆ. ಆಮೇಲೆ ಬಾಕಿಯದ್ದನ್ನು ಒಳಲೆಯಲ್ಲಿ ಕೊಡಿ. ಮಗು ಬಿಟ್ಟ ಮೇಲೆ ಹತ್ತು ನಿಮಿಷ ಹಿಂಡಿ. ಮಗುವಿನ ಉಚ್ಚೆ, ತೂಕ ನೋಡಿಕೊಂಡು ಡಬ್ಬಿಯ ಪಾಲನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಅರೆ ನಿದ್ದೆಯಲ್ಲಿರುವ ಮಗು ಎದೆಯನ್ನು ಬೇಗ ಒಪ್ಪುತ್ತದೆ, ಬೆಳಗಿನ ಜಾವ ಪ್ರಯತ್ನಿಸಿ.

ಪೂರ್ತಿ ಬರಲಿಲ್ಲ ಅಂದರೆ ಎಷ್ಟು ಬರುತ್ತದೋ ಅಷ್ಟು ಕೊಡಿ. ಡಬ್ಬಿ ಹಾಲು ಬೇಕೇ ಆದರೆ ನೀರು ಕುದಿಸಿ, ಇನ್ನೂ ಬಿಸಿ ಇರುವಾಗಲೇ ಪುಡಿ ಕಲಸಿ, ಆರಿಸಿ ಕೊಡಿ. ಡಬ್ಬಿಯ ಮೇಲಿನ ಅಳತೆ ಮೀರಬೇಡಿ. ಅಂಗಡಿ ಮುಚ್ಚಿದೆ ಅಂತ ನೀರು ಜಾಸ್ತಿ ಹಾಕಿದರೆ ಮಗುವಿಗೆ ಅಪಾಯ.

ಎದೆ ಒಂದು ಕಡೆ ಕಲ್ಲಾಗಿದೆ, ಕೆಂಪಗಾಗಿದೆ, ಜ್ವರ ಬಂದಿದೆ. ಕೊರೊನಾನಾ?

ಎದೆ ಬಾವು ಇರಬಹುದು. ಕೊರೊನಾ ಭಯದಲ್ಲಿ ಇದನ್ನು ಎಷ್ಟೋ ಜನ ಗುರುತಿಸಲಿಲ್ಲ. ಟೆಸ್ಟ್ ಬೇಕಾದರೆ ಮಾಡಿಸಿ, ಆದರೆ ಎದೆಯನ್ನೂ ನೋಡಿಕೊಳ್ಳಿ. ಆ ಕಡೆ ಕುಡಿಸುವುದನ್ನು ನಿಲ್ಲಿಸಬೇಡಿ, ಆ ಹಾಲು ಮಗುವಿಗೆ ಕೆಟ್ಟದ್ದಲ್ಲ. ಹಿಂದೆ ಬಿಸಿ ಕೊಟ್ಟು ಗಟ್ಟಿಯಾಗಿ ಉಜ್ಜಿ ಅಂತ ಹೇಳುತ್ತಿದ್ದರು. ಈಗಿನ ಸಲಹೆ ಬೇರೆ. ಜೋರಾಗಿ ಉಜ್ಜಿದರೆ ಬಾವು ಹೆಚ್ಚುತ್ತದೆ. ಕುಡಿಸಿದ ಮೇಲೆ ತಣ್ಣನೆ ಬಟ್ಟೆ ಇಡಿ. ಪೂರ್ತಿ ಖಾಲಿ ಮಾಡಬೇಕು ಅಂತ ಹಿಂಡುತ್ತಲೇ ಇರಬೇಡಿ. ಒಂದು ದಿನದಲ್ಲಿ ಇಳಿಯದಿದ್ದರೆ, ಚಳಿ ಜ್ವರ ಜೋರಾದರೆ ಡಾಕ್ಟರ್ ಬೇಕೇ ಬೇಕು. ತಡ ಮಾಡಿದರೆ ಕೀವು ಕಟ್ಟಿ ಕೊಯ್ಯಬೇಕಾಗಬಹುದು.

ಮಗು ಎನ್‌ಐಸಿಯುನಲ್ಲಿದೆ (ಎಳೆ ಮಕ್ಕಳ ತೀವ್ರ ನಿಗಾ ಘಟಕ). ನನ್ನ ಹಾಲು ಸಾಲಲ್ಲ. ಪಕ್ಕದ ಬಾಣಂತಿ ಕೊಡ್ತೀನಿ ಅಂತಾಳೆ. ತಗೋಬಹುದಾ?

ಅವರ ಮನಸ್ಸು ದೊಡ್ಡದು. ಆದರೆ ನೇರವಾಗಿ ಬೇಡ. ಕೆಲವು ಸೋಂಕುಗಳು, ಮುಖ್ಯವಾಗಿ ಎಚ್‌ಐವಿ, ಹಾಲಿನಿಂದ ದಾಟಬಹುದು. ಹಾಲಿನ ಬ್ಯಾಂಕಿನಲ್ಲಾದರೆ ಕೊಡುವವರ ರಕ್ತ ಪರೀಕ್ಷೆ ಮಾಡಿ, ಹಾಲನ್ನು ಪಾಶ್ಚರೀಕರಿಸಿ, ಅಂದರೆ ಹದವಾಗಿ ಕಾಯಿಸಿ ರೋಗಾಣು ಕೊಂದು ಕೊಡುತ್ತಾರೆ. ಏಷ್ಯಾದಲ್ಲೇ ಮೊದಲನೆಯದು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಸರ್ಕಾರಿ ಹಾಲಿನ ಬ್ಯಾಂಕ್ ಬಂತು. ಎನ್‌ಐಸಿಯು ಡಾಕ್ಟರನ್ನು ಕೇಳಿದರೆ ಹತ್ತಿರದ್ದು ಎಲ್ಲಿದೆ ಅಂತ ಹೇಳುತ್ತಾರೆ.

ನಿಮ್ಮ ಹಾಲನ್ನು ಹಿಂಡುವುದು ಬಿಡಬೇಡಿ. ದಿನ ತುಂಬದೆ ಹುಟ್ಟಿದ ಮಗುವಿಗೆ ಒಂದೊಂದು ಎಂಎಲ್ ಕೂಡ ಔಷಧಿ. ಮಗುವನ್ನು ಎದೆಗೆ ಅಪ್ಪಿಕೊಂಡು ಕೂರುವ ಕಾಂಗರೂ ಆರೈಕೆಗೆ ಬಿಡಿ ಅಂತಲೂ ಕೇಳಿ.

ಕೆಲಸಕ್ಕೆ ವಾಪಸ್ ಹೋಗಬೇಕು. ಹಿಂಡಿಟ್ಟ ಹಾಲು ಎಷ್ಟು ಹೊತ್ತು ಇರುತ್ತೆ?

ತಣ್ಣಗಿನ ಕೋಣೆಯಲ್ಲಿ 4 ಗಂಟೆ. ಫ್ರಿಜ್‌ನಲ್ಲಿ 4 ದಿನದವರೆಗೆ ಅಂತ ಹೇಳುತ್ತಾರೆ, ಆದರೆ ಕರೆಂಟ್ ಹೋಗಿ ಬಂದು ಮಾಡುವ ಕಡೆ 24 ಗಂಟೆಯೊಳಗೆ ಮುಗಿಸಿ. ಫ್ರಿಜ್ ಬಾಗಿಲಲ್ಲಿ ಇಡದೆ ಒಳಗೆ ಹಿಂದಕ್ಕೆ ಇಡಿ. ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ.

ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ 2017ರ ತಿದ್ದುಪಡಿಯಿಂದ ಕಾನೂನಿನಲ್ಲೇ ಇದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವೂ ನಿಮ್ಮ ಹಕ್ಕು.

ಸುಮ್ನೆ ಅಳು ಬರುತ್ತೆ. ಮಗು ಮುಖ ನೋಡೋಕೂ ಬೇಡ ಅನ್ಸುತ್ತೆ. ನಾನು ಕೆಟ್ಟ ತಾಯಿನಾ?

ಅಲ್ಲ. ಹೆರಿಗೆಯಾದ ಮೊದಲ ವಾರ ಎರಡು ವಾರ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ. ಅದಕ್ಕೂ ಮುಂದೆ ಹೋದರೆ, ಮಗು ಮಲಗಿದ್ದರೂ ನಿಮಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಕಾಯಿಲೆ, ಅದಕ್ಕೆ ಔಷಧಿ ಇದೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಒಂದು ನಿಮಿಷವೂ ಒಬ್ಬರೇ ಇರಬೇಡಿ. ಪಕ್ಕದ ಮನೆಯ ಬಾಗಿಲು ಬಡಿಯಿರಿ, ಯಾವ ಸೋಂಕಿನ ಕಾಲವಾದರೂ ಸರಿ, ಆಸ್ಪತ್ರೆಗೆ ಹೋಗಿ.

ಮೊದಲ ಮಗುವಿಗೆ ಆಗಲಿಲ್ಲ. ಎರಡನೇದಕ್ಕಾದ್ರೂ ಆಗುತ್ತಾ?

ಆಗುವ ಸಾಧ್ಯತೆ ಜಾಸ್ತಿ. ಎರಡನೇ ಸಲ ಹಾಲು ಸಾಮಾನ್ಯವಾಗಿ ಬೇಗ ಬರುತ್ತದೆ. ಮೊದಲ ಸಲ ಎಲ್ಲಿ ತಪ್ಪಿತು ಅನ್ನುವುದನ್ನು ಬರೆದು ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ, ಹೆರಿಗೆ ಡಾಕ್ಟರಿಗೆ ಮುಂಚೆಯೇ ಓದಿ ಹೇಳಿ. ನನ್ನ ಮಗ 2023ರಲ್ಲಿ ಹುಟ್ಟಿದ. ಆಗ ಅವ್ವ ಅದೇ ಬ್ಯಾಗು ಹಿಡಿದು ಹೆರಿಗೆಗೆ ಒಂದು ವಾರ ಮುಂಚೆ ಬಂದಿದ್ದಳು. ಮಗು ಹುಟ್ಟಿ ಅರ್ಧ ಗಂಟೆಗೆ ಎದೆಗೆ ಹಾಕಿದರು. ಅವ್ವ ಮಂಚದ ಪಕ್ಕ ಬಗ್ಗಿ ನೋಡಿ, ಒಂದೇ ಬೆರಳಿನಿಂದ ಅವನ ಗದ್ದವನ್ನು ಒಂಚೂರು ಒಳಗೆ ಒತ್ತಿದಳು.